"ಗೊತ್ತಿಲ್ಲ" ಎಂಬ ಉತ್ತರ

ಕೇಳುಗರೆ, ನಮಸ್ಕಾರ.

"ಇವತ್ತು ಯಾವ ವಾರ?" ವಯಸ್ಸಾದ ಇಬ್ಬರನ್ನು ಕೇಳುತ್ತೀರಿ ಎಂದುಕೊಳ್ಳಿ. ಒಬ್ಬರು ಬುಧವಾರವನ್ನು ಶುಕ್ರವಾರ ಮಾಡಿ, ತಪ್ಪೆಂದಾಗ ಏನೋ ನೆಪ ಹೇಳಿ ನಗುತ್ತಾರೆ. ಇನ್ನೊಬ್ಬರು ಯೋಚಿಸುವ ಗೋಜಿಗೇ ಹೋಗುವುದಿಲ್ಲ. "ಗೊತ್ತಿಲ್ಲಪ್ಪ, ನನಗೀಗ ಏನೂ ನೆನಪಿರಲ್ಲ" ಅಂದುಬಿಡುತ್ತಾರೆ. ಮನೆಯವರಿಗೆ ಎರಡೂ ಅರಳುಮರಳೇ. ಅನುಭವವಿರುವ ವೈದ್ಯರ ಕಿವಿ ಮಾತ್ರ ಆ "ಗೊತ್ತಿಲ್ಲ"ದ ಹತ್ತಿರ ನಿಲ್ಲುತ್ತದೆ. ಡಿಮೆನ್ಷಿಯಾ, ಅಂದರೆ ಮರೆಗುಳಿತನದ ರೋಗ, ಇರುವವರು ಎಷ್ಟೋ ಸಲ ಮರೆವನ್ನು ಮುಚ್ಚಿಡಲು ನೋಡುತ್ತಾರೆ. ಖಿನ್ನತೆ ಇರುವವರು ಅದನ್ನೇ ಹೇಳಿಕೊಂಡು ಕೊರಗುತ್ತಾರೆ.

1961ರಲ್ಲಿ ಮನೋವೈದ್ಯ ಲೆಸ್ಲಿ ಕೈಲೋ ಬರೆದ ಪ್ರಬಂಧದಿಂದ, ಖಿನ್ನತೆಯಿಂದ ಬರುವ ಇಂಥ ಮರೆವಿಗೆ 'ಸ್ಯೂಡೋ ಡಿಮೆನ್ಷಿಯಾ', ಅಂದರೆ ಹುಸಿ ಮರೆಗುಳಿತನ, ಎಂಬ ಹೆಸರು ಬಳಕೆಗೆ ಬಂತು. ಆ 'ಹುಸಿ' ನನಗೆ ಹಿಡಿಸುವುದಿಲ್ಲ. ಮರೆವು ನಿಜವೇ. ಗಮನವೇ ಒಂದೆಡೆ ನಿಲ್ಲದಿದ್ದರೆ ನೆನಪು ಕೂರುವುದೆಲ್ಲಿ? ಅಲ್ಲದೆ, ಖಿನ್ನತೆಗೆ ಚಿಕಿತ್ಸೆ ಪಡೆದು ನೆನಪು ಮರಳಿದವರಲ್ಲೂ ಕೆಲವರಿಗೆ ವರ್ಷಗಳ ನಂತರ ನಿಜವಾದ ಡಿಮೆನ್ಷಿಯಾ ಕಾಣಿಸಿಕೊಂಡಿದೆ.

ಹಾಗಾದರೆ ಯಾವುದು ಮೊದಲು? ಬ್ರಿಟನ್ನಿನ ಸರ್ಕಾರಿ ನೌಕರರನ್ನು ಸುಮಾರು 28 ವರ್ಷ ಗಮನಿಸಿದ ವೈಟ್‌ಹಾಲ್ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಡಿಮೆನ್ಷಿಯಾ ಬಂದವರಲ್ಲಿ ಖಿನ್ನತೆಯ ಲಕ್ಷಣಗಳು ರೋಗ ಪತ್ತೆಯಾಗುವ ಸುಮಾರು ಹತ್ತು ವರ್ಷ ಮೊದಲಿನಿಂದ ಹೆಚ್ಚುತ್ತಾ ಹೋಗಿದ್ದವು. ಅಂದರೆ ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಕವಿಯುವ ಮಂಕು ಕೆಲವೊಮ್ಮೆ ಆ ರೋಗದ್ದೇ ಮೊದಲ ನೆರಳು. ಮಿದುಳಿನ ಸಣ್ಣ ರಕ್ತನಾಳಗಳು ಹಾಳಾದಾಗ ಮನಸ್ಸೂ ನೆನಪೂ ಒಟ್ಟಿಗೇ ಕುಗ್ಗುವುದುಂಟು. ಹೀಗಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಲ್ಲಿ ಇವೆರಡನ್ನೂ ಬೇರೆಬೇರೆ ಮಾಡಿ ನೋಡುವುದೇ ಕಷ್ಟ.

ಇನ್ನೊಂದು ತೊಡಕಿದೆ. ವಯಸ್ಸಾದವರು "ದುಃಖವಾಗಿದೆ" ಎಂದು ಹೇಳುವುದು ಕಡಿಮೆ. ನಿದ್ದೆಯಿಲ್ಲ, ಮೈಕೈ ನೋವು, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಾರೆ. "ವಯಸ್ಸಾಯ್ತಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ಇಂಥವರ ಖಿನ್ನತೆ ಗುರುತಿಸಲೆಂದೇ ಹೌದು–ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ಪಟ್ಟಿಯಿದೆ; ನಿದ್ದೆ, ಹಸಿವು, ನೋವಿನ ಸುದ್ದಿಯೇ ಅದರಲ್ಲಿಲ್ಲ, ಹೆಚ್ಚಿನವು ಮನಸ್ಸಿನ ಕುರಿತವು. ಥೈರಾಯ್ಡ್, ಬಿ12 ಪರೀಕ್ಷೆಯೂ ಆಗಲಿ; ಅವುಗಳ ಕೊರತೆ ಮನಸ್ಸು, ನೆನಪು ಎರಡನ್ನೂ ಕೆಡಿಸಬಲ್ಲದು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರ ಮುಂದಿಡಿ. ಖಿನ್ನತೆಗೆಂದೇ ಕೊಡುವ ಕೆಲವು ಹಳೆಯ ಮಾತ್ರೆಗಳು ನೆನಪನ್ನು ಮಬ್ಬಾಗಿಸುತ್ತವೆ.

ಮನಸ್ಸು ತಿಳಿಯಾದ ಕೆಲವು ತಿಂಗಳ ನಂತರ ನೆನಪಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಮೊದಲ ಪರೀಕ್ಷೆಯ ಚೀಟಿ ಎಸೆಯಬೇಡಿ, ಹೋಲಿಸಿ ನೋಡಲು ಅದು ಬೇಕಾಗುತ್ತದೆ.