ನನ್ ಕ್ಯಾಮೆರಾ ಜೊತೆ ಜಗಳಕ್ಕೆ ಬಿದ್ದ ನೀಲಿ ಮೀನು

ಈಗ ಸ್ಕ್ರೀನಲ್ಲಿ ಕಾಣ್ತಿದ್ಯಲ್ಲ, ಈ ಮೀನನ್ನ ನಾನು ಹುಡುಕ್ಕೊಂಡು ಹೋಗ್ಲಿಲ್ಲ, ಅದೇ ನನ್ನ ಹುಡುಕ್ಕೊಂಡು ಬಂತು. ಮತ್ತೆ ಕಲರ್ ನಾನೇನೂ ಏರಿಸಿಲ್ಲ ಕಣ್ರೀ, ಕಾಮೆಂಟಲ್ಲಿ ಶುರು ಹಚ್ಕೋಬೇಡಿ.

ಜಾಗ ಇಂಗ್ಲೆಂಡಿನ ನೈರುತ್ಯ ಮೂಲೆ. ಪ್ಲಿಮತ್‌ನಿಂದ ಬೋಟಲ್ಲಿ ಹೊರಟ್ರೆ ಸಮುದ್ರದ ಮಧ್ಯೆ ಎಡ್ಡಿಸ್ಟೋನ್ ಲೈಟ್‌ಹೌಸ್ ಸಿಗುತ್ತೆ, 1882ರದ್ದು, ಅದ್ರ ಪಕ್ಕ ಮೊಂಡಾಗಿ ನಿಂತಿದ್ಯಲ್ಲ ಅದು 1759ರ ಹಳೇ ಲೈಟ್‌ಹೌಸಿನ ಬುಡ, ಮೇಲಿನ ಭಾಗ ಬಿಚ್ಕೊಂಡು ಹೋಗಿ ಪ್ಲಿಮತ್ ದಡದಲ್ಲಿ ಮತ್ತೆ ಕಟ್ಟಿಬಿಟ್ಟಿದ್ದಾರೆ. ಅಲ್ಲಿಂದ ವಾಯವ್ಯಕ್ಕೆ ಹ್ಯಾಂಡ್ ಡೀಪ್ಸ್ ಅಂತ ಒಂದು ಬಂಡೆ. ನೀರಿಂದ ಮೇಲಕ್ಕೆ ಏನೂ ಕಾಣಲ್ಲ, ಒಳಗೆ ಮಾತ್ರ ದೊಡ್ಡ ಗುಡ್ಡ.

ಸಮ್ಮರ್ ಅಂತ ಹೆಸ್ರಿಗೆ, ನೀರು ಮೈ ಕೊರೆಯುತ್ತೆ. ಡ್ರೈಸೂಟ್, ದಪ್ಪ ಗ್ಲೌಸು, ಎಲ್ಲಾ ಹಾಕ್ಕೊಂಡು ನಾನೂ ನನ್ ಬಡ್ಡಿ ಇಳಿದ್ವಿ. ಡೈವಿಂಗಲ್ಲಿ ಜೊತೆಗಾರನ್ನ ಬಡ್ಡಿ ಅಂತಾರೆ, ತಿಂಗ್ಳು ತಿಂಗ್ಳು ಕಟ್ಟೋದಲ್ಲ, ಆದ್ರೆ ಇವನೂ ಬಿಟ್ಟು ಹೋಗಲ್ಲ ಬಿಡಿ.

ತಣ್ಣೀರಿನ ಸಮುದ್ರ ಅಂದ್ರೆ ಬೂದಿ ಬಣ್ಣ, ಪಾಚಿ, ಅಷ್ಟೇ ಇರುತ್ತೆ ಅಂದ್ಕೊಂಡಿದ್ದೆ. ಟಾರ್ಚ್ ಹಾಕಿದ್ ತಕ್ಷಣ ನೋಡಿ ಗೋಡೆ ಹೆಂಗಿದೆ! ಇವು ಜ್ಯುವೆಲ್ ಅನೆಮೋನ್, ಹೂವಿನ ಥರ ಕಾಣೋ ಸಮುದ್ರದ ಪ್ರಾಣಿ, ಒಂದೊಂದೂ ಉಗುರಿನಷ್ಟು ಇರುತ್ತೆ, ತನ್ನನ್ನೇ ಸೀಳ್ಕೊಂಡು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಅದಕ್ಕೇ ಇಲ್ಲೊಂದು ತೇಪೆ ಪೂರ್ತಿ ಗುಲಾಬಿ, ಪಕ್ಕದ್ದು ಪೂರ್ತಿ ಹಸ್ರು.

ಇದನ್ನ ಶೂಟ್ ಮಾಡ್ತಾ ಇದ್ದಾಗ ಭುಜದ ಹತ್ರ ಏನೋ ಹಾದ್ಹೋದಂಗಾಯ್ತು. ತಿರುಗಿದ್ರೆ ಇವ್ನು. ಕುಕ್ಕೂ ರ‍್ಯಾಸ್, ಗಂಡು. ಕಿತ್ತಳೆ ಮೈ ಮೇಲೆ ಯಾರೋ ನೀಲಿ ಇಂಕಲ್ಲಿ ಅಂಕುಡೊಂಕು ಗೆರೆ ಎಳೆದಂಗೆ, ತಲೆ ಪೂರ್ತಿ ನೀಲಿ. ಆಳಕ್ಕೆ ಹೋದಂಗೆ ಮೊದ್ಲು ಕೆಂಪು ಮಾಯ ಆಗುತ್ತೆ, ಆಮೇಲೆ ಕಿತ್ತಳೆ, ನೀಲಿ ಮಾತ್ರ ಉಳ್ಕೊಳುತ್ತೆ, ಅದಕ್ಕೇ ಟಾರ್ಚ್ ಆಫ್ ಮಾಡಿದ್ರೂ ಈ ಗೆರೆಗಳು ಮಾತ್ರ ಹೊಳೀತಾನೇ ಇದ್ವು. ಅರ್ಧ ಮೀಟರ್ ಇದ್ದಂಗೆ ಕಾಣ್ತು ನಂಗೆ, ಆದ್ರೆ ಮಾಸ್ಕ್ ಒಳಗಿಂದ ನೋಡಿದ್ರೆ ಎಲ್ಲಾ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ, ಇವು ಬೆಳೆಯೋದೇ ಹೆಚ್ಚಂದ್ರೆ 40 ಸೆಂಟಿಮೀಟರು.

ಈಜೋ ಸ್ಟೈಲ್ ನೋಡಿ, ಬಾಲ ಸುಮ್ನೆ ಇದೆ, ಎರಡು ಪಕ್ಕದ ರೆಕ್ಕೆಲಿ ಹುಟ್ಟು ಹಾಕ್ದಂಗೆ ಬರ್ತಾನೆ. ಬಂದವ್ನು ನನ್ ಮುಖ ನೋಡ್ದ, ಬಬಲ್ಸ್ ನೋಡ್ದ, ಆಮೇಲೆ ಕ್ಯಾಮೆರಾ ಮುಂದಿನ ಗುಂಡು ಗಾಜಲ್ಲಿ ಇನ್ನೊಬ್ಬ ನೀಲಿ ಗಂಡಸು ಕಾಣಿಸ್ಬಿಟ್ಟ. ಅಷ್ಟೇ. ಟಕ್! ಮತ್ತೆ ಟಕ್! ಈ ಆಡಿಯೋ ಕೇಳಿಸ್ತಿದ್ಯಲ್ಲ, ಅದು ಅವ್ನು ಗುದ್ತಿರೋದು. ನನ್ ಬಡ್ಡಿ ಅಲ್ಲಿ ನಕ್ಕೂ ನಕ್ಕೂ ಮಾಸ್ಕೊಳಗೆ ನೀರು ತುಂಬಿಸ್ಕೊಂಡ.

ಇನ್ನೂ ಮಜಾ ಏನ್ ಗೊತ್ತಾ, ಇಷ್ಟು ಮೀಸೆ ತಿರುಗಿಸ್ತಿರೋ ಇವ್ನು ಒಂದ್ಕಾಲದಲ್ಲಿ ಹೆಣ್ಣಾಗಿದ್ದಿರ್ಬೋದು. ಈ ಜಾತೀಲಿ ಹೆಚ್ಚಿನವು ಮೊದ್ಲು ಹೆಣ್ಣಾಗಿ ಬದುಕಿ, ಮೊಟ್ಟೆ ಇಟ್ಟು, ಆಮೇಲೆ ಗಂಡಾಗೋದು. ಆ ಏರಿಯಾದ ಗಂಡು ಸತ್ತೋದ್ರೆ ಹೆಣ್ಣುಗಳಲ್ಲಿ ದೊಡ್ಡದು ಯಾವುದೋ ಅದು ನಿಧಾನಕ್ಕೆ ಬದಲಾಗುತ್ತೆ, ಬಣ್ಣ ಮಾತ್ರ ಅಲ್ಲ, ಒಳಗಿನ ಅಂಗಾನೂ. ಹೆಣ್ಣು ನೋಡೋಕೆ ಪೂರ್ತಿ ಬೇರೆ, ಗುಲಾಬಿ ಕಿತ್ತಳೆ ಮೈ, ಬೆನ್ನಿನ ಹಿಂಭಾಗದಲ್ಲಿ ಮೂರು ಕಪ್ಪು ಮಚ್ಚೆ, ಮಧ್ಯೆ ಮಧ್ಯೆ ಬಿಳಿ. ಎಷ್ಟು ಬೇರೆ ಅಂದ್ರೆ ಹಿಂದಿನ ಕಾಲದ ವಿಜ್ಞಾನಿಗಳು ಗಂಡು ಒಂದು ಜಾತಿ, ಹೆಣ್ಣು ಇನ್ನೊಂದು ಜಾತಿ ಅಂತಾನೇ ಬರ್ಕೊಂಡಿದ್ರು. ಜೀವಿಗಳಿಗೆ ವೈಜ್ಞಾನಿಕ ಹೆಸ್ರಿಡೋ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಇಟ್ಟ ಲ್ಯಾಬ್ರಸ್ ಮಿಕ್ಸ್ಟಸ್ ಅನ್ನೋ ಹೆಸ್ರು ಈಗ ಇಬ್ರಿಗೂ ಸೇರಿ ಉಳ್ಕೊಂಡಿದೆ. ಸಂಸಾರ ಒಂದೇ ಅಂತ ಗೊತ್ತಾಗೋಕೆ ಇಷ್ಟು ಕಷ್ಟ ಆಯ್ತು ನೋಡಿ. ಇನ್ನು ಹೆಣ್ಣಿನ ಬಣ್ಣದಲ್ಲೇ ಉಳಿದಿರೋ ಗಂಡುಗಳೂ ಕೆಲವು ಇರ್ತವಂತೆ, ಅದ್ನ ಬಿಡಿಸೋಕೆ ಹೋದ್ರೆ ಈ ವಿಡಿಯೋ ಮುಗಿಯಲ್ಲ.

ಕುಕ್ಕೂ ಅಂದ್ರೆ ಕೋಗಿಲೆ, ಕೋಗಿಲೆಗೂ ಇದಕ್ಕೂ ಏನ್ ಸಂಬಂಧ ಅಂತ ನಾನೂ ತಲೆ ಕೆಡಿಸ್ಕೊಂಡೆ. ಇಲ್ಲೇ ಪಕ್ಕದ ಕಾರ್ನ್‌ವಾಲ್ ಸೀಮೆಯ ಮೀನುಗಾರ್ರಿಗೆ ಇದ್ರ ನೀಲಿ ನೋಡಿ ಬ್ಲೂಬೆಲ್ ಹೂವು ನೆನಪಾಯ್ತಂತೆ, ಆ ಹೂವನ್ನ ಅವರ ಭಾಷೇಲಿ ಕೋಗಿಲೆ ಹೆಸ್ರಿಂದ ಕರೀತಿದ್ರಂತೆ, ಹಂಗೆ ಹೂವಿಂದ ಮೀನಿಗೆ ಬಂತು ಅಂತಾರೆ.

ಮೊಟ್ಟೆ ಇಡೋ ಸೀಸನ್ನಲ್ಲಿ ಈ ಗಂಡಸರ ತಲೆ ಮೇಲೆ ಬಿಳಿ ಪಟ್ಟೆ ಬರುತ್ತೆ, ಹೆಣ್ಣು ಒಪ್ಪಲಿ ಅಂತ. ನೆಲದಲ್ಲಿ ತಟ್ಟೆ ಥರ ಗುಂಡಿ ತೋಡಿ ಗೂಡು ಮಾಡೋದೂ ಇವ್ನೇ, ಮೊಟ್ಟೆ ಕಾಯೋದೂ ಇವ್ನೇ. ಗಾಜಿನ ಮೇಲೆ ಯಾಕಷ್ಟು ಸಿಟ್ಟು ಅಂತ ಈಗ ಅರ್ಥ ಆಯ್ತಲ್ಲ? ಅವ್ನ ಮನೆ ಮುಂದೆ ನಾನು ಇನ್ನೊಬ್ಬ ಗಂಡನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ.

ಗಾಳಿ ಕಮ್ಮಿ ಆಯ್ತು, ಮೇಲಕ್ಕೆ ಹೊರಟ್ವಿ, ಸ್ವಲ್ಪ ದೂರ ಹಿಂದೇನೇ ಬಂದು ಬಿಟ್ಬಿಟ್ಟ.

ಒಂದ್ನಿಮಿಷ, ಈ ಕ್ಲಿಪ್ ರೂಮಿಗೆ ಬಂದು ಎಡಿಟ್ ಮಾಡ್ತಾ ನೋಡಿದ್ದು. ಅವ್ನು ಗಾಜಿಗೆ ಗುದ್ತಿದ್ದಾನಲ್ಲ, ಎಡಗಡೆ ಕೆಳಗೆ ಬಂಡೆ ಸಂದಿ ನೋಡಿ. ಝೂಮ್ ಮಾಡ್ತೀನಿ. ದೊಡ್ಡ ಹೆಣ್ಣು, ಬೆನ್ನ ಮೇಲೆ ಮೂರು ಮಚ್ಚೆ ಇನ್ನೂ ಇದೆ, ಆದ್ರೆ ಕೆನ್ನೆ ಹತ್ರ ನಂಗ್ಯಾಕೋ ಸಣ್ಣಗೆ ನೀಲಿ ಕಾಣ್ತಿದೆ. ನಿಮ್ಗೂ ಕಾಣ್ತಿದ್ಯಾ?