ಪರಿಹಾರ ಬರಲಿ

ಈಗ ನೀವು ನೋಡುತ್ತಿರುವುದು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ಆಟಿಕೆ ಸಾಲು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಇಲ್ಲಿ ಅಂಗಡಿಗಳು ಏಳುವುದಿಲ್ಲ. ಒಂದು ಕಡೆ ನಾಟಕ ಕಂಪನಿಗಳ ಡೇರೆ, ಇನ್ನೊಂದು ಕಡೆ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ. ಹೊಸ ಮನೆ ಕಟ್ಟುವವರು ಚೌಕಟ್ಟು ನೋಡಲು ಬರುತ್ತಾರೆ, ಜೊತೆಗೆ ಬಂದ ಮಕ್ಕಳು ಅವರ ಕೈ ಹಿಡಿದು ಇತ್ತ ಎಳೆಯುತ್ತಾರೆ. ಪೀಪಿ ಇದೆ, ಗಿರಗಿಟ್ಲೆ ಇದೆ. ಆದರೆ ಈ ಸಾಲಿನ ರಾಜ ಹಳದಿ ಬಣ್ಣದ ಪ್ಲಾಸ್ಟಿಕ್ ಜೆಸಿಬಿ. ರೈಲು, ವಿಮಾನಗಳನ್ನೆಲ್ಲ ಬಿಟ್ಟು ಈಗಿನ ಮಕ್ಕಳು ಮಣ್ಣು ತೋಡುವ ಯಂತ್ರಕ್ಕೆ ಏಕೆ ಮರುಳಾದರೋ, ನನಗಂತೂ ಅರ್ಥವಾಗಿಲ್ಲ.

ಈ ಹುಡುಗನ ಪಕ್ಕದಲ್ಲಿ ನಿಂತ ತಂದೆ ಏನು ಹೇಳುತ್ತಿದ್ದಾರೆ ಕೇಳಿಸಿತೇ? "ಊರಿಗೆ ಹೋದ ಮೇಲೆ ಕೊಡಿಸುತ್ತೇನೆ." ಜಾತ್ರೆಯಲ್ಲಿ ಮಾರುವುದನ್ನು ಊರಿಗೆ ಹೋದ ಮೇಲೆ ಎಲ್ಲಿಂದ ತರುತ್ತಾರೆ ಎಂದು ಹುಡುಗ ಕೇಳಲಿಲ್ಲ. ಜಾಣ. ಕೇಳಿದ್ದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ನಮ್ಮ ಮನೆಯಲ್ಲಿ ಈ ಜಾಗಕ್ಕೆ ಬೇರೆ ಮಾತಿತ್ತು. "ಪರಿಹಾರ ಬರಲಿ."

ಹೊರಗಿನ ಊರುಗಳ ವೀಕ್ಷಕರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಕೆಳಗೆ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅದಕ್ಕೆ ಅಡಿಗಲ್ಲಿಟ್ಟರು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ದೇಶಕ್ಕೆ ಸಮರ್ಪಿಸಿದರು. ನನ್ನ ಬಾಲ್ಯ ಈ ಎರಡು ಸಮಾರಂಭಗಳ ನಡುವೆ ಎಲ್ಲೋ ಕಳೆದುಹೋಯಿತು. ಜಲಾಶಯ ತುಂಬಿದರೆ ಊರಿನ ತಗ್ಗಿನ ಓಣಿಗಳು ಮುಳುಗುತ್ತವೆ, ಮನೆ ಕಳೆದುಕೊಂಡವರಿಗೆ ನವನಗರದಲ್ಲಿ ನಿವೇಶನ, ಕೈಗೆ ಪರಿಹಾರದ ಹಣ. ಮುಳುಗಡೆಯ ಮಾತೆಲ್ಲ ಮೀಟರಿನಲ್ಲಿ ನಡೆಯುತ್ತಿತ್ತು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಗ್ಗಿ ಬಾರದ ಹುಡುಗರಿಗೂ ತಮ್ಮ ಮನೆಯ ಹೊಸ್ತಿಲು ಎಷ್ಟನೇ ಮೀಟರಿಗೆ ಬರುತ್ತದೆ ಎಂಬುದು ಬಾಯಿಪಾಠವಾಗಿತ್ತು.

ಹೋಗುವ ಮನೆಗೆ ಸುಣ್ಣ ಹಚ್ಚುವವರಿಲ್ಲ, ಹೆಂಚು ಸೋರಿದರೆ ತಗಡು ಮುಚ್ಚಿದರಾಯಿತು. ಅಕ್ಕನ ಮದುವೆ ಪರಿಹಾರ ಬಂದ ಮೇಲೆ. ಕಾಕಾನ ಅಂಗಡಿ ಪರಿಹಾರ ಬಂದ ಮೇಲೆ. ಮನೆಯ ಹಿರಿಯರೆಲ್ಲ ತಮ್ಮ ತಮ್ಮ ಆಸೆಗಳನ್ನು ಆ ಗೂಟಕ್ಕೆ ಕಟ್ಟಿರುವಾಗ ಮಕ್ಕಳು ಸುಮ್ಮನಿರುತ್ತೇವೆಯೇ? ನಾನೂ ಗಣಿತದ ನೋಟುಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಬರೆದಿದ್ದೆ. ಲೇಡಿಬರ್ಡ್ ಸೈಕಲ್. ಟಿವಿಗೆ ಹಚ್ಚುವ ವಿಡಿಯೊ ಗೇಮ್. ಬೆಂಕಿಯಿಂದ ಓಡುವ ತಗಡಿನ ದೋಣಿ. ಹೋಳಿಗೆ ಬಾರಿಸುವ ಹಲಗೆ. ಹಲಗೆಯ ಮುಂದೆ ಆವರಣದಲ್ಲಿ "ಚರ್ಮದ್ದು" ಎಂದು ಬೇರೆ ಬರೆದಿದ್ದೆ. ಇಲ್ಲವಾದರೆ ಪ್ಲಾಸ್ಟಿಕ್ಕಿನದನ್ನು ತಂದುಕೊಟ್ಟು ಕೈ ತೊಳೆದುಕೊಳ್ಳುತ್ತಾರೆ ಎಂಬ ಅನುಮಾನ.

ಪರಿಹಾರ ಬರುವವರೆಗೆ ಬಾಡಿಗೆ ಇತ್ತು. ನಮ್ಮ ಓಣಿಯ ತುದಿಯಲ್ಲಿದ್ದ ಸೈಕಲ್ ಅಂಗಡಿಯಲ್ಲಿ ತಾಸಿನ ಲೆಕ್ಕ. ಸಣ್ಣ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಮಾಲೀಕರು ಉದ್ದನೆಯ ಪುಸ್ತಕದಲ್ಲಿ ಹೆಸರು, ಸೈಕಲ್ ನಂಬರು, ಒಯ್ದ ಹೊತ್ತು ಬರೆದುಕೊಳ್ಳುತ್ತಿದ್ದರು. ಹುಡುಗಿಯರಿಗೆ ಒಂಟಿಯಾಗಿ ಕೊಡುತ್ತಿರಲಿಲ್ಲ. "ಅಣ್ಣನನ್ನು ಕರೆದುಕೊಂಡು ಬಾ ತಂಗಿ" ಎನ್ನುತ್ತಿದ್ದರು. ಹಾಗಾಗಿ ಪುಸ್ತಕದಲ್ಲಿ ಹೆಸರು ಅಣ್ಣನದು, ಮೊಣಕಾಲಿನ ಗಾಯ ನನ್ನದು. ತಾಸಿನ ಮೊದಲ ಅರ್ಧವನ್ನು ಅವನೇ ಹೊಡೆದು, ಬೆವರಿ, ಉಳಿದದ್ದನ್ನು ನನಗೆ ದಯಪಾಲಿಸುತ್ತಿದ್ದ. ಮುಂದೆ ದೊಡ್ಡ ಸೈಕಲ್ಲಿಗೆ ಬಡ್ತಿ ಸಿಕ್ಕಾಗ ಸೀಟು ಎಟುಕದೆ, ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದದ್ದು. ಒಳಪೆಡಲಿನಲ್ಲಿ ಸೊಂಟ ಒಂದು ಕಡೆ, ಹ್ಯಾಂಡಲ್ ಇನ್ನೊಂದು ಕಡೆ ವಾಲಿರುತ್ತದೆ. ಎದುರಿಗೆ ಎಮ್ಮೆ ಬಂದರೆ ದೇವರೇ ಗತಿ.

ಬಾಡಿಗೆ ಸೈಕಲ್ಲಿನ ಸಮಸ್ಯೆ ಎಂದರೆ ಸವಾರಿಯುದ್ದಕ್ಕೂ ತಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಕೈಗಡಿಯಾರ ಇದ್ದವರು ಯಾರು? ದಾರಿಯಲ್ಲಿ ಸಿಕ್ಕಸಿಕ್ಕವರನ್ನು "ಎಷ್ಟಾಯಿತು ಕಾಕಾ?" ಎಂದು ಕೇಳುತ್ತಲೇ ಪೆಡಲ್ ತುಳಿಯಬೇಕು. ಊರ ಹೊರಗೆ ಹೋಗಿ ಒಂದು ಮರದ ಕೆಳಗೆ ಸೈಕಲ್ ನಿಲ್ಲಿಸಿ ಸುಮ್ಮನೆ ಕುಳಿತುಕೊಳ್ಳುವುದು ನನಗಿದ್ದ ದೊಡ್ಡ ಆಸೆ. ಬಾಡಿಗೆ ಸೈಕಲ್ಲನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ನಿಂತ ಸೈಕಲ್ಲಿಗೂ ದುಡ್ಡು ಓಡುತ್ತದೆ. ಸಹಪಾಠಿಯೊಬ್ಬಳ ಲೇಡಿಬರ್ಡ್ ನೋಡಿ ನನಗೆ ಹೊಟ್ಟೆಕಿಚ್ಚಾಗಿದ್ದು ಅದರ ಕೆಂಪು ಬಣ್ಣಕ್ಕೂ ಅಲ್ಲ, ಮುಂದಿನ ಬುಟ್ಟಿಗೂ ಅಲ್ಲ. ಅವಳು ಅದನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅದಕ್ಕೆ ಬೆನ್ನು ತಿರುಗಿಸಿ ಅರ್ಧ ತಾಸು ಹರಟೆ ಹೊಡೆಯುತ್ತಿದ್ದಳು. ಆ ಬೆನ್ನು ತಿರುಗಿಸುವ ಶ್ರೀಮಂತಿಕೆ ನನಗೆ ಬೇಕಿತ್ತು.

ವಿಡಿಯೊ ಗೇಮಿನದೂ ಇದೇ ಕಥೆ, ಇಲ್ಲಿ ಲೆಕ್ಕ ಅರ್ಧ ತಾಸಿನದು. ಅಂಗಡಿಯ ಕತ್ತಲೆ ಕೋಣೆ, ಜಪಾನಿನಲ್ಲಿ 1983ರಲ್ಲಿ ಬಂದ ಯಂತ್ರದ ಅಗ್ಗದ ನಕಲು, ಹಳದಿ ಕ್ಯಾಸೆಟ್ಟು. ಆಟ ಬಾರದಿದ್ದರೆ ಕ್ಯಾಸೆಟ್ಟು ತೆಗೆದು ಫೂ ಎಂದು ಊದಿ ಮತ್ತೆ ಹಾಕುವುದು. ನಮ್ಮ ಅಣ್ಣ ಇದರಲ್ಲಿ ಪಂಡಿತ, ನಾನು ಊದುವ ಸಹಾಯಕಿ. ಕೈಯಲ್ಲಿ ಹಿಡಿದು ಆಡುವ ಇಟ್ಟಿಗೆ ಆಟದ ಪೆಟ್ಟಿಗೆಯ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು. ಒಳಗಿದ್ದುದು ಬೆರಳೆಣಿಕೆಯ ಆಟಗಳು, ಉಳಿದವೆಲ್ಲ ಅವುಗಳದೇ ವೇಗ ಹೆಚ್ಚಿಸಿದ ರೂಪಗಳು. ಈ ಇಟ್ಟಿಗೆ ಆಟದ ಮೂಲವಾದ ಟೆಟ್ರಿಸ್ ಅನ್ನು ಮಾಸ್ಕೋದಲ್ಲಿ 1984ರಲ್ಲಿ ರೂಪಿಸಿದ ಅಲೆಕ್ಸಿ ಪಜಿಟ್ನೊವ್ ಅವರಿಗೆ ಬಾಗಲಕೋಟೆಯ ಓಣಿಯಲ್ಲಿ ತಮ್ಮ ಆಟಕ್ಕಾಗಿ ಎಷ್ಟು ಜಡೆ ಎಳೆದಾಟ ನಡೆದಿದೆ ಎಂಬುದು ತಿಳಿದಿರಲಿಕ್ಕಿಲ್ಲ.

ಹಾಗೆಂದು ನಮ್ಮದೇ ಆದ ಆಟಿಕೆ ಇರಲಿಲ್ಲ ಎಂದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು ಮಾಡುತ್ತಿದ್ದೆವು, ಪಂಚಮಿಗೆ ಕೊಬ್ಬರಿ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ ಗಿರಗಿರ ತಿರುಗಿಸುತ್ತಿದ್ದೆವು. ಎತ್ತುಗಳನ್ನು ನೀರಿಗೆ ಬಿಡಬೇಕು, ಕೊಬ್ಬರಿಯನ್ನು ಎರಡು ದಿನದಲ್ಲಿ ನಾವೇ ತಿಂದು ಮುಗಿಸುತ್ತಿದ್ದೆವು. ಎತ್ತಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ.

ಕೊನೆಗೂ ಪರಿಹಾರ ಬಂತು. ಆ ದಿನ ನಾನು ನೋಟುಪುಸ್ತಕ ಹಿಡಿದು ಅಪ್ಪನ ಮುಂದೆ ನಿಂತದ್ದು ನಿಜ. ಅವರು ಇನ್ನೊಂದು ನೋಟುಪುಸ್ತಕ ಹಿಡಿದು ಕುಳಿತಿದ್ದರು. ಅದರಲ್ಲಿ ಸಿಮೆಂಟು, ಕಬ್ಬಿಣ, ಉಸುಕು, ಗೌಂಡಿಯ ಪಗಾರ. ನನ್ನ ಪಟ್ಟಿಯನ್ನು ಓದಿದರು, ಪೂರ್ತಿ ಓದಿದರು. "ಚರ್ಮದ್ದೇ ಬೇಕೇನು?" ಎಂದು ಕೇಳಿದರು. ಬೇಡ ಎನ್ನಲಿಲ್ಲ, ಕೊಡಿಸುತ್ತೇನೆ ಎನ್ನಲೂ ಇಲ್ಲ. ನವನಗರದ ತಳಪಾಯಕ್ಕೇ ಅರ್ಧ ಹಣ ಹೋಯಿತು, ಉಳಿದದ್ದು ಗೋಡೆ ಏರಿದಂತೆ ಕರಗಿತು. ಪಕ್ಕದ ಓಣಿಯ ಕೆಲವರು ಹಣ ಬಂದ ವಾರವೇ ಹೊಸ ಬೈಕ್ ತಂದು ಊರೆಲ್ಲ ಸುತ್ತಿದರು. ಆಗ ಅವರ ಮಕ್ಕಳನ್ನು ಕಂಡು ಅಸೂಯೆಪಟ್ಟಿದ್ದೆ. ಅಪ್ಪನ ಲೆಕ್ಕವೇ ಸರಿ ಎಂದು ಈಗಲೂ ಪೂರ್ತಿ ಒಪ್ಪಿಕೊಂಡಿಲ್ಲ, ಒಂದು ಸೈಕಲ್ಲಿನಿಂದ ಯಾವ ಮನೆಯ ಸ್ಲ್ಯಾಬೂ ನಿಲ್ಲುವುದಿಲ್ಲ.

ಆ ವರ್ಷ ಮುಂಬಾಗಿಲ ಚೌಕಟ್ಟು ತರಲು ನಾವೂ ಬನಶಂಕರಿಗೆ ಹೋದೆವು. ಅಪ್ಪ, ಕಾಕಾ ಇಬ್ಬರೂ ಕಟ್ಟಿಗೆಯ ಮೇಲೆ ಉಗುರಿನಿಂದ ಗೀರಿ, ಮೂಸಿ, ಬೆರಳಗಂಟಿನಿಂದ ಬಡಿದು ನೋಡಿ, ಮಧ್ಯಾಹ್ನದವರೆಗೆ ಚೌಕಾಸಿ ಮಾಡಿದರು. ವ್ಯಾಪಾರಿ ಸೋತನೋ, ಸುಸ್ತಾದನೋ, ಕೊನೆಗೆ ಕೊಟ್ಟ. ಮಿಕ್ಕ ಚಿಲ್ಲರೆಯಲ್ಲಿ ನನಗೆ ತಗಡಿನ ದೋಣಿ ಬಂತು. ಪರಿಹಾರದ ಹಣದಲ್ಲಿ ನನ್ನ ಪಾಲು.

ನೋಡಿ, ಇದೇ ಆ ದೋಣಿ. ಬಣ್ಣ ಹೋಗಿದೆ, ಅಂಚಿಗೆ ತುಕ್ಕು ಹಿಡಿದಿದೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಒಳಗೆ ತಗಡಿನ ಚಿಕ್ಕ ಪೆಟ್ಟಿಗೆ, ಅದರಿಂದ ಹಿಂಬದಿಗೆ ಎರಡು ನಳಿಕೆಗಳು. ಮೊದಲು ನಳಿಕೆಗೆ ನೀರು ತುಂಬಬೇಕು. ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಈ ಪುಟ್ಟ ತಗಡಿನ ಚಮಚದಲ್ಲಿಟ್ಟು, ಹೊತ್ತಿಸಿ, ಪೆಟ್ಟಿಗೆಯ ಕೆಳಗೆ ತಳ್ಳಬೇಕು. ಒಳಗಿನ ನೀರು ಕಾಯ್ದು ಆವಿಯಾಗಿ ನಳಿಕೆಯ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಆವಿ ತಣಿದ ಕೂಡಲೇ ನಳಿಕೆ ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾದರೆ ದೋಣಿ ಹಿಂದಕ್ಕೆ ಬರಬೇಕಲ್ಲ ಎಂದು ಅಣ್ಣ ವಾದಿಸಿದ್ದ. ಬರುವುದಿಲ್ಲ. ಹೊರಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವ ನೀರು ಸುತ್ತಮುತ್ತಲಿಂದ ಸೇರಿಕೊಳ್ಳುತ್ತದೆ. ಪೆಟ್ಟಿಗೆಯ ತೆಳು ತಗಡು ಉಬ್ಬಿ ಕುಗ್ಗುವಾಗ ಪಟಪಟ ಸದ್ದು. ಥಾಮಸ್ ಪಿಯೊ ಎಂಬವರು 1891ರಲ್ಲೇ ಬ್ರಿಟನ್ನಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಕೇಳಿದ್ದರು. ನೂರು ವರ್ಷ ದಾಟಿದ ಮೇಲೆ ಅದು ಬಾದಾಮಿ ತಾಲ್ಲೂಕಿನ ಜಾತ್ರೆಯಲ್ಲಿ ನನ್ನ ಕೈಗೆ ಬಂತು.

ಬಿಟ್ಟದ್ದು ಎಲ್ಲಿ ಗೊತ್ತೇ? ಹೊಸ ಮನೆಯ ಮಾಳಿಗೆಯ ಮೇಲೆ. ಸ್ಲ್ಯಾಬ್ ಹಾಕಿದ ಮರುದಿನ ಅದರ ಮೇಲೆ ಮಣ್ಣಿನ ಸಣ್ಣ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿರುತ್ತಾರಲ್ಲ, ಕ್ಯೂರಿಂಗ್ ಎನ್ನುತ್ತಾರೆ. ಒಂದೊಂದು ಮಡಿಯೂ ನನಗೊಂದು ಕೆರೆ. ದೋಣಿ ಒಡ್ಡಿಗೆ ಮೂತಿ ಹಚ್ಚಿ ನಿಂತಲ್ಲೇ ಪಟಪಟ ಎನ್ನುವಾಗ ಅದನ್ನು ಬೆರಳಿನಿಂದ ತಿರುಗಿಸಿಬಿಡುವುದು ನನ್ನ ಕೆಲಸ. "ಒಡ್ಡು ಒಡೆದರೆ ನಿಮ್ಮಪ್ಪನಿಗೆ ಹೇಳುತ್ತೇನೆ" ಎಂದು ಗೌಂಡಿ ಕೆಳಗಿನಿಂದ ಗದರುತ್ತಿದ್ದ. ಹಳೆಯ ಮನೆಗೆ ನೀರು ಬರುತ್ತದೆಂದು ಊರು ಬಿಟ್ಟವರು ನಾವು, ಹೊಸ ಮನೆಯ ನೆತ್ತಿಯ ಮೇಲೆ ನಾನೇ ನೀರಿನಲ್ಲಿ ಆಡುತ್ತಿದ್ದೆ. ದೀಪದ ಎಣ್ಣೆ ದಿನಕ್ಕಿಷ್ಟು ಕಡಿಮೆಯಾಗುವುದನ್ನು ಅವ್ವ ಗಮನಿಸಿದ ದಿನ ನೌಕಾಯಾನ ನಿಂತಿತು.

ಸೈಕಲ್ ಬರಲೇ ಇಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನಾನು ಎಂಟನ್ನು ದಾಟಿ ಬಹಳ ವರ್ಷವಾಗಿತ್ತು. ಬೀದಿಯಲ್ಲಿ ಸಾಲಾಗಿ ಒಂದೇ ಬಣ್ಣದ ಸೈಕಲ್ಲುಗಳು ಹೋಗುವುದನ್ನು ಕಂಡಾಗ ಸಂತೋಷವೂ ಆಗುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು. ಸಂಬಳ ಬಂದ ಮೇಲೆ ನಾನೇ ಒಂದು ಕೊಂಡೆ, ಲೇಡಿಬರ್ಡ್ ಅಲ್ಲ, ಗೇರ್ ಇರುವುದು. ನವನಗರದ ಅಗಲ ರಸ್ತೆಗಳಲ್ಲಿ ಅದನ್ನು ಬೇಕೆಂದಲ್ಲಿ ನಿಲ್ಲಿಸುತ್ತೇನೆ, ಬೆನ್ನು ತಿರುಗಿಸಿ ಚಹಾ ಕುಡಿಯುತ್ತೇನೆ. ಇದರಲ್ಲಿ ಯಾವ ತತ್ತ್ವವೂ ಇಲ್ಲ, ಬಹಳ ಚೆನ್ನಾಗಿರುತ್ತದೆ, ಅಷ್ಟೇ. ದೊಡ್ಡವರಾದ ಮೇಲೆ ಸಿಕ್ಕರೆ ಆ ರುಚಿ ಇರುವುದಿಲ್ಲ ಎನ್ನುವವರ ಮಾತನ್ನು ನಂಬಬೇಡಿ.

ಉಳಿದದ್ದು ಹಲಗೆ. ಬಾಗಲಕೋಟೆಯ ಹೋಳಿ ಗೊತ್ತಲ್ಲ. ಕೋಲ್ಕತ್ತಾ ಬಿಟ್ಟರೆ ನಮ್ಮೂರೇ ಎಂದು ಇಲ್ಲಿನವರು ಎದೆ ತಟ್ಟಿ ಹೇಳುತ್ತಾರೆ, ಕೋಲ್ಕತ್ತಾದವರನ್ನು ಯಾರೂ ಕೇಳಿದಂತಿಲ್ಲ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಪ್ರತಿ ಪೇಟೆಯದೂ ತನ್ನ ಹಲಗೆ ಮೇಳ, ತನ್ನ ಬಣ್ಣದ ಬಂಡಿ. ಬಾರಿಸುವ ಮೊದಲು ಹುಲ್ಲು ಹೊತ್ತಿಸಿ ಹಲಗೆಯನ್ನು ಬೆಂಕಿಗೆ ಹಿಡಿಯುತ್ತಾರೆ. ಚರ್ಮ ಬಿಗಿಯಾಗಿ ಸದ್ದು ಟಣ್ ಎನ್ನುವವರೆಗೆ ಕಾಯಿಸಿ, ತಟ್ಟಿ, ಮತ್ತೆ ಕಾಯಿಸುತ್ತಾರೆ. ನಮ್ಮ ಓಣಿಯಲ್ಲಿ ಹುಡುಗರ ಕೈಗೆ ಮಾತ್ರ ಅದು ಹೋಗುತ್ತಿತ್ತು. ನಾನು ಎಣ್ಣೆಯ ತಗಡಿನ ಡಬ್ಬಿ ಬಡಿದು ಅವ್ವನಿಂದ ಬೈಸಿಕೊಂಡದ್ದೇ ಬಂತು.

ಕಳೆದ ತಿಂಗಳು ಒಂದು ಕೊಂಡುಕೊಂಡೆ. ಚರ್ಮದ್ದೇ. ಅಣ್ಣ ನೋಡಿ ನಕ್ಕ, ಆಮೇಲೆ ತಾನೇ ಎತ್ತಿಕೊಂಡು ಬಾರಿಸತೊಡಗಿದ. ಅರ್ಧ ತಾಸಾದರೂ ಕೊಡಲಿಲ್ಲ. ಈ ಸಲ ನಾನು ಬಿಡಲಿಲ್ಲ, ಕಿತ್ತುಕೊಂಡೆ. ಓಣಿಯ ಅಜ್ಜರೊಬ್ಬರು ಎಡಗೈಯ ತೆಳು ಕೋಲು ಹೇಗೆ ಹಿಡಿಯಬೇಕೆಂದು ತೋರಿಸಿಕೊಡುತ್ತಿದ್ದಾರೆ. ಅವರಿಗೆ ನನ್ನ ಕೈ ಇನ್ನೂ ಸಮಾಧಾನ ತಂದಿಲ್ಲ. ಮುಂದಿನ ವಿಡಿಯೊ ಹೋಳಿಯದು, ಕಿಲ್ಲಾ ಓಣಿಯಿಂದ. ಬಾಗಲಕೋಟೆಯ ವೀಕ್ಷಕರು ಬರುವುದಾದರೆ ಬನ್ನಿ, ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಹಲಗೆ ಮಾತ್ರ ನಿಮ್ಮದನ್ನೇ ತನ್ನಿ, ನನ್ನದನ್ನು ನಾನು ಕೊಡುವುದಿಲ್ಲ.