ಬಾಗಿಲಾಚೆಯ ‘ನಾನು’

ಕೇಳುಗರೆಲ್ಲರಿಗೂ ನಮಸ್ಕಾರ.

ಮುಚ್ಚಿದ ಬಾಗಿಲನ್ನು ಯಾರೋ ತಟ್ಟುತ್ತಾರೆ. ಒಳಗಿದ್ದವರು ‘ಯಾರು?’ ಎಂದು ಕೇಳಿದರೆ ಹೊರಗಿನಿಂದ ಮೊದಲು ಬರುವ ಉತ್ತರ ‘ನಾನು’. ಬಾಗಿಲು ತಟ್ಟಬಲ್ಲ ಯಾರೇ ಆದರೂ ಹಾಗೆಯೇ ಹೇಳಬಲ್ಲರಾದ್ದರಿಂದ ಆ ಉತ್ತರದಿಂದ ಒಳಗಿನವರಿಗೆ ಏನೂ ತಿಳಿದಂತಾಗುವುದಿಲ್ಲ. ಹೆಸರು ಬರುವುದು ಇನ್ನೊಮ್ಮೆ ಕೇಳಿದ ಮೇಲೆ. ಬೃಹದಾರಣ್ಯಕ ಉಪನಿಷತ್ತು ದಿನನಿತ್ಯದ ಈ ರೂಢಿಯನ್ನು ಗಮನಿಸಿ, ಅದರ ಕಾರಣವನ್ನು ಜಗತ್ತಿನ ಆದಿಯಲ್ಲಿಯೇ ಹುಡುಕುತ್ತದೆ. ಮೊದಲು ಆತ್ಮವೊಂದೇ ಇತ್ತು, ಅದು ಸುತ್ತಲೂ ನೋಡಿ ತನ್ನ ಹೊರತು ಬೇರೇನನ್ನೂ ಕಾಣದೆ ‘ನಾನಿದ್ದೇನೆ’ ಎಂದಿತು, ಆದ್ದರಿಂದಲೇ ಇಂದಿಗೂ ಯಾರನ್ನಾದರೂ ಕರೆದರೆ ಮೊದಲು ‘ಇದು ನಾನು’ ಎಂದು, ಅನಂತರವೇ ತಮ್ಮ ಇನ್ನೊಂದು ಹೆಸರನ್ನು ಹೇಳುತ್ತಾರೆ ಎಂದು ಅದು ವಿವರಿಸುತ್ತದೆ. ‘ನಾನು ಯಾರು’, ‘ಜಗತ್ತು ಎಲ್ಲಿಂದ ಬಂತು’ ಎಂಬ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿದ ಈ ಭಾಗ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಮೊದಲು ದೇಹವನ್ನೇ ನೋಡೋಣ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಬಾಲ್ಯದ ಗಾಯದ ಕಲೆಯೊಂದಿದೆ. ಅಡಿಕೆ ಹೋಳಿನಷ್ಟೂ ಉದ್ದವಿಲ್ಲದ, ಸುತ್ತಲಿನ ಚರ್ಮಕ್ಕಿಂತ ತುಸು ಬೆಳ್ಳಗಿರುವ ಗೆರೆ ಅದು. ಅಂದು ಅಲ್ಲಿದ್ದ ಹೊರಚರ್ಮ ಎಂದೋ ಉದುರಿಹೋಗಿದೆ. ಅಂದು ಹರಿದ ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನಗಳಷ್ಟೇ. ಮಿದುಳಿನ ಬಹುಪಾಲು ನರಕೋಶಗಳು ಬದುಕಿನುದ್ದಕ್ಕೂ ಉಳಿಯುತ್ತವೆಂಬುದು ನಿಜವಾದರೂ, ಅವುಗಳೊಳಗಿನ ದ್ರವ್ಯವೂ ಬದಲಾಗುತ್ತಲೇ ಇರುತ್ತದೆ. ಹಾಗಿದ್ದರೂ ಕಲೆ ಮಾತ್ರ ಅಲ್ಲೇ ಇದೆ. ಅದು ಒಮ್ಮೆ ಬರೆದಿಟ್ಟ ಗುರುತು, ತಾನಾಗಿಯೇ ಉಳಿದುಕೊಂಡಿದೆ ಎಂದು ನಾನು ಭಾವಿಸಿದ್ದೆ.

ಈ ಭಾವನೆಯನ್ನು ಅಲುಗಿಸಿದ್ದು ಹಡಗಿನ ಯಾನವೊಂದರ ವೃತ್ತಾಂತ. 1740ರಲ್ಲಿ ಜಾರ್ಜ್ ಆನ್ಸನ್ ನೇತೃತ್ವದಲ್ಲಿ ಹೊರಟ ಇಂಗ್ಲಿಷ್ ನೌಕೆಗಳಲ್ಲಿ ಸ್ಕರ್ವಿ ರೋಗ ಹರಡಿತು. ‘ಸೆಂಚೂರಿಯನ್’ ಹಡಗಿನಲ್ಲಿದ್ದ ಒಬ್ಬ ಮುದುಕ 1690ರಲ್ಲಿ ಐರ್ಲೆಂಡಿನಲ್ಲಿ ನಡೆದ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದವನು. ಐವತ್ತು ವರ್ಷಗಳ ಹಿಂದೆಯೇ ಮಾಗಿದ್ದ ಆ ಗಾಯಗಳು ಎಂದೂ ಮಾಗಿರಲೇ ಇಲ್ಲವೇನೋ ಎಂಬಂತೆ ಮತ್ತೆ ಬಾಯಿ ತೆರೆದವು. ಗಾಯವನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ಸವೆಯುತ್ತಿರುತ್ತದೆ, ದೇಹ ಅದನ್ನು ಮತ್ತೆ ಮತ್ತೆ ನೇಯುತ್ತಿರುತ್ತದೆ, ಆ ನೇಯ್ಗೆಗೆ ವಿಟಮಿನ್ ಸಿ ಬೇಕು, ಅದರ ಕೊರತೆಯಿಂದಲೇ ಸ್ಕರ್ವಿ ಬರುತ್ತದೆ ಎಂಬ ವಿವರಣೆ ಬಂದದ್ದು ಬಹಳ ತಡವಾಗಿ. ಹಾಗಾದರೆ ನನ್ನ ಹೆಬ್ಬೆರಳಿನ ಕಲೆ ಬಾಲ್ಯದಲ್ಲಿ ಒಮ್ಮೆ ಆದದ್ದಲ್ಲ, ಈ ಹೊತ್ತಿನಲ್ಲೂ ಆಗುತ್ತಿರುವುದು. ನೇಯುವ ಕೆಲಸ ನಿಂತರೆ ಅದು ಉಳಿಯುವುದಿಲ್ಲ.

‘ನಾನು’ ಎಂಬುದನ್ನು ದೇಹದಲ್ಲಿ ಹುಡುಕದೆ ನೆನಪಿನಲ್ಲಿ ಹುಡುಕಿದವರು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್. 1694ರಲ್ಲಿ ಅವರು ಮಂಡಿಸಿದ ವಾದದ ಪ್ರಕಾರ, ಹಿಂದಿನ ಕೃತ್ಯವೊಂದನ್ನು ನನ್ನದೆಂದು ನನ್ನ ಪ್ರಜ್ಞೆ ಎಷ್ಟು ದೂರದವರೆಗೆ ಗುರುತಿಸಬಲ್ಲದೋ ಅಷ್ಟು ದೂರದವರೆಗೆ ನಾನು ಅದೇ ವ್ಯಕ್ತಿ. ಇದಕ್ಕೆ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ರೀಡ್ 1785ರಲ್ಲಿ ಒಡ್ಡಿದ ಆಕ್ಷೇಪ ಸರಳವಾದದ್ದು. ಹಣ್ಣು ಕದ್ದು ಪೆಟ್ಟು ತಿಂದ ಹುಡುಗನೊಬ್ಬ ಮುಂದೆ ವೀರ ಅಧಿಕಾರಿಯಾಗುತ್ತಾನೆ, ಕೊನೆಗೆ ಸೇನಾಪತಿಯಾಗುತ್ತಾನೆ. ಅಧಿಕಾರಿಗೆ ಹುಡುಗನ ಪೆಟ್ಟು ನೆನಪಿದೆ, ಸೇನಾಪತಿಗೆ ಅಧಿಕಾರಿಯ ಸಾಹಸ ನೆನಪಿದೆ, ಆದರೆ ಸೇನಾಪತಿಗೆ ಆ ಪೆಟ್ಟಿನ ನೆನಪು ಅಳಿಸಿಹೋಗಿದೆ. ನೆನಪೇ ಅಳತೆಗೋಲಾದರೆ ಸೇನಾಪತಿ ಆ ಹುಡುಗನೂ ಹೌದು, ಆ ಹುಡುಗನಲ್ಲದವನೂ ಹೌದು ಎನ್ನಬೇಕಾಗುತ್ತದೆ. ರೀಡ್ ಅವರ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ನನ್ನನ್ನು ಒಪ್ಪಿಸಿದ್ದು ಬರಿಯ ತರ್ಕವಲ್ಲ. ನನ್ನ ದೊಡ್ಡಮ್ಮ ಕೊನೆಯ ವರ್ಷಗಳಲ್ಲಿ ಮಕ್ಕಳ ಹೆಸರನ್ನೂ, ಕಡೆಗೆ ತಮ್ಮ ಹೆಸರನ್ನೂ ಮರೆತಿದ್ದರು. ಅವರು ದೊಡ್ಡಮ್ಮನಲ್ಲ ಎಂದು ನಮ್ಮಲ್ಲಿ ಯಾರಿಗೂ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಹಳೆಯ ಬೌದ್ಧ ಗ್ರಂಥವೊಂದರಲ್ಲಿರುವ ರಾಜ ಮಿಲಿಂದ ಮತ್ತು ಭಿಕ್ಷು ನಾಗಸೇನರ ಸಂವಾದದಲ್ಲಿ ಇದಕ್ಕೆ ಹತ್ತಿರದ ಮಾತೊಂದು ಬರುತ್ತದೆ. ರಾತ್ರಿಯಿಡೀ ಉರಿಯುವ ದೀಪದಲ್ಲಿ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಏನು? ಒಂದೇ ಅಲ್ಲ. ಹಾಗೆಂದು ರಾತ್ರಿ ಉರಿದ ದೀಪಗಳು ಬೇರೆ ಬೇರೆಯೂ ಅಲ್ಲ. ಆ ಎರಡು ಜ್ವಾಲೆಗಳ ನಡುವೆ ಇರುವುದು ಉರಿಯುವಿಕೆಯೇ ಹೊರತು ಬದಲಾಗದೆ ದಾಟಿಬಂದ ಯಾವ ವಸ್ತುವೂ ಅಲ್ಲ.

ಇನ್ನು ಜಗತ್ತಿನ ಮಾತು. ವಯಸ್ಕರ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಆ ನೀರಿನಲ್ಲಿ ಜಲಜನಕ. ಅದರ ಪರಮಾಣುಗಳ ಬೀಜಗಳು ರೂಪುಗೊಂಡದ್ದು ಸುಮಾರು 1380 ಕೋಟಿ ವರ್ಷಗಳ ಹಿಂದೆ, ವಿಶ್ವ ಹಿಗ್ಗತೊಡಗಿದ ಮೊದಲ ಕ್ಷಣಗಳಲ್ಲಿ. ನನ್ನಲ್ಲಿರುವ ದ್ರವ್ಯ ಅಷ್ಟು ಹಳೆಯದು, ಅದನ್ನು ‘ನಾನು’ ಎಂದು ಕರೆದುಕೊಳ್ಳುವ ನೇಯ್ಗೆ ಮಾತ್ರ ಕೆಲವೇ ದಶಕಗಳದ್ದು. ಆ ಆದಿಯ ಸಾಕ್ಷಿ ಸಿಕ್ಕಿದ ಕಥೆ ಬಾನುಲಿಗೆ ಹತ್ತಿರದ್ದು. ಅಮೆರಿಕದ ವಿಜ್ಞಾನಿಗಳಾದ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ರೇಡಿಯೋ ಆಂಟೆನಾದಲ್ಲಿ, ಅದನ್ನು ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ, ಹಗಲಿರುಳೆನ್ನದೆ, ಸಣ್ಣದೊಂದು ಗದ್ದಲ ಕೇಳುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನು ಒರೆಸಿ ತೆಗೆದರೂ ಗದ್ದಲ ನಿಲ್ಲಲಿಲ್ಲ. ಅದು ವಿಶ್ವಕ್ಕೆ ಸುಮಾರು 3,80,000 ವರ್ಷಗಳಾಗಿದ್ದಾಗ ಹೊರಟ ಬೆಳಕಿನ ಉಳಿಕೆ ಎಂದು 1965ರಲ್ಲಿ ಜಗತ್ತಿಗೆ ತಿಳಿಯಿತು.

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಏನೂ ಇಲ್ಲದಿರುವುದರ ಬದಲು ಏನಾದರೂ ಏಕೆ ಇದೆ ಎಂದು 1714ರಲ್ಲಿ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಕೇಳಿದರು. ಮೊದಲ ಕ್ಷಣವನ್ನು ಕಂಡುಹಿಡಿದರೆ ಇದಕ್ಕೆ ಉತ್ತರ ಸಿಗುತ್ತದೆಂದು ನನಗೆ ತೋರುವುದಿಲ್ಲ. ಪ್ಲೇಟೋ ಪಂಥದವರ ಉಪಮೆಯೊಂದನ್ನು ಕ್ರೈಸ್ತ ಚಿಂತಕ ಸಂತ ಆಗಸ್ಟೀನ್ ದಾಖಲಿಸಿದ್ದಾರೆ: ಅನಾದಿಯಿಂದ ಒಂದು ಪಾದ ಧೂಳಿನ ಮೇಲೆ ಊರಿಕೊಂಡೇ ಇದ್ದಿದ್ದರೆ, ಅದರಡಿಯ ಹೆಜ್ಜೆಗುರುತಿಗೂ ಆರಂಭವಿರುತ್ತಿರಲಿಲ್ಲ, ಆದರೂ ಆ ಗುರುತು ಪಾದದಿಂದಲೇ ಆದದ್ದೆಂಬುದರಲ್ಲಿ ಯಾರಿಗೂ ಸಂದೇಹವಿರದು. ಆರಂಭ ಯಾವಾಗ ಎಂಬುದು ಒಂದು ಪ್ರಶ್ನೆ, ಈಗ ಇದು ಯಾವುದರ ಬಲದಿಂದ ನಿಂತಿದೆ ಎಂಬುದು ಬೇರೆಯೇ ಪ್ರಶ್ನೆ. ಸೃಷ್ಟಿ, ಸ್ಥಿತಿ, ಲಯ ಎಂದು ನಾವು ಒಟ್ಟಿಗೆ ಹೇಳುವಾಗ ಸೃಷ್ಟಿಗೆ ಬೆರಗಾಗುತ್ತೇವೆ, ಲಯಕ್ಕೆ ಅಂಜುತ್ತೇವೆ, ನಡುವಿನ ಸ್ಥಿತಿಯನ್ನು ಮಾತ್ರ ಏನೂ ಆಗದಿರುವುದೆಂದು ಬಗೆದು ದಾಟಿಬಿಡುತ್ತೇವೆ. ನನ್ನ ಮಟ್ಟಿಗೆ ಮೂರರಲ್ಲಿ ಅತ್ಯಂತ ನಿಗೂಢವಾದದ್ದು ಅದೇ. ಪಾದ ಯಾರದೆಂದು ಹೇಳುವ ಶಕ್ತಿ ನನಗಿಲ್ಲ. ಋಗ್ವೇದದ ನಾಸದೀಯ ಸೂಕ್ತವೂ, ಪರಮಾಕಾಶದಿಂದ ಇದನ್ನು ನೋಡುತ್ತಿರುವವನು ಬಲ್ಲನು, ಅಥವಾ ಅವನೂ ಅರಿಯನೋ ಏನೋ ಎಂಬಲ್ಲಿಗೆ ನಿಲ್ಲುತ್ತದೆ.

ಒಂದು ಬೆಳಿಗ್ಗೆ ದೊಡ್ಡಮ್ಮ ಕೋಣೆಯ ಚಿಲಕ ಹಾಕಿಕೊಂಡುಬಿಟ್ಟಿದ್ದರು. ನಾನು ಗಾಬರಿಯಿಂದ ಬಾಗಿಲು ತಟ್ಟಿ ‘ಯಾರು ಒಳಗೆ?’ ಎಂದು ಕೂಗಿದೆ. ‘ನಾನು’ ಎಂದರು. ‘ನಾನು ಅಂದ್ರೆ ಯಾರು, ದೊಡ್ಡಮ್ಮ?’ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ನೀನೇ ಹೇಳು’ ಎಂಬ ದನಿ ಕೇಳಿತು. ಬಾಗಿಲ ಸಂದಿಗೆ ಬಾಯಿಟ್ಟು ಅವರ ಹೆಸರು, ಅವರ ತಂದೆ ತಾಯಿಯ ಹೆಸರು, ಹೆತ್ತ ಮಕ್ಕಳ ಹೆಸರು, ನನಗೆ ಅಕ್ಷರ ಕಲಿಸಿದವರು ಅವರೇ ಎಂಬುದು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ‘ಹೌದು’ ಎಂದು ಚಿಲಕ ತೆಗೆದರು. ಮರುದಿನ ಅಷ್ಟನ್ನೂ ಮತ್ತೆ ಹೇಳಿದೆ.